ಎರಡು ಸಾಲಿನಷ್ಟು ಬಿಳಿ

ಪಠ್ಯದ ಎಂಬತ್ತೊಂದನೇ ಪುಟ. ಅವಳಿಗೆ ಕೊಟ್ಟದ್ದು ಅದೊಂದೇ.
ಕವಿ ಪರಿಚಯ ನಾಲ್ಕು ಸಾಲು,
ಅದರಲ್ಲೂ ಎರಡು ಗಂಡನ ಹುದ್ದೆಗೆ.
ಫೋಟೋ ಇದ್ದಲ್ಲಿ ಬರೀ ಮಸಿ,
ಮೂಗುತಿ ಮಾತ್ರ ಬೆಳ್ಳಗೆ.

ಮಧ್ಯಾಹ್ನ ಎರಡೂಕಾಲು. ಬಿಕಾಂ ಎರಡನೇ ಸೆಮಿಸ್ಟರು.
ಕಿಟಕಿಯಾಚೆ ಮುಚ್ಚಿದ ಮಿಲ್ಲಿನ ಗೋಡೆಗೆ
ಆತು ನಿಂತ ಬಿಸಿಲು.
ನಾನು ಅತಿಥಿ ಉಪನ್ಯಾಸಕಿ,
ಹನ್ನೊಂದು ವರ್ಷದಿಂದ ಅತಿಥಿ.
ಓದಿದೆ:

        ಬಾಗಿಲು
        ಒಳಗಿನಿಂದ


        ಉಪ್ಪು ತರಲು ಹೋದವಳು

ಅಷ್ಟೇ. ಕ್ರಿಯಾಪದವಿಲ್ಲ, ಚುಕ್ಕಿಯಿಲ್ಲ,
ನಡುವೆ ಎರಡು ಸಾಲಿನಷ್ಟು ಬಿಳಿ.
"ಪ್ರಿಂಟ್ ತಪ್ಪಾಗೈತಾ ಮಿಸ್?" ಅಂದಳು
ಮಲೇಬೆನ್ನೂರಿಂದ ಬಸ್ಸಿಗೆ ಬರುವ ಹಾಲಮ್ಮ.
ಎಲ್ಲರೂ ನಕ್ಕರು. ನಾನೂ.

ಗೈಡಿನಲ್ಲಿದೆ: ನವ್ಯದ ಒಂಟಿತನ, ಅಸ್ತಿತ್ವದ ತಳಮಳ,
ಪ್ರತಿಮೆಗಳ ಬಿಗಿ. ಐದು ಅಂಕ.
ಅದನ್ನೇ ಬೋರ್ಡಿಗೆ ಇಳಿಸುತ್ತಿದ್ದೆ,
ತಳಮಳದ ಎರಡನೇ ಳಕ್ಕೆ ಸೀಮೆಸುಣ್ಣ ಮುರಿಯಿತು.

ಹಿಂದಿನ ಬೆಂಚಿನಿಂದ ಮುಬೀನಾ,
ಹಾಜರಿ ಬಿಟ್ಟರೆ ಬಾಯಿ ತೆರೆಯದವಳು:
"ನಮ್ಮದು ಮಂಡಕ್ಕಿ ಭಟ್ಟಿ ಮಿಸ್.
ಕಾದ ಮರಳಿಗೆ ಅಕ್ಕಿ ಸುರೀತೀವಲ್ಲ,
ಅರಳೋಕೆ ಮುಂಚೆ ಒಂಚೂರು ಹೊತ್ತು
ಏನೂ ಆಗಲ್ಲ.
ಆವಾಗ ಅಮ್ಮಿ ಮಾತಾಡಲ್ಲ. ನಾವೂ ಮಾತಾಡಬಾರದು.
ಆ ಬಿಳೀ ಜಾಗ ಅದೇ ಏನೋ."

ಫ್ಯಾನಿನ ಸದ್ದು ಮಾತ್ರ.
ಹಾಲಮ್ಮ ಪುಟದ ಖಾಲಿಯನ್ನು
ಬೆರಳಿಂದ ಮುಟ್ಟಿ ನೋಡಿದಳು,
ಬಿಸಿಯಿದೆಯೇನೋ ಅನ್ನುವಂತೆ.

ಹನ್ನೊಂದು ವರ್ಷ ಅದರ ಮೇಲೇ ಹಾದುಹೋಗಿದ್ದೇನೆ,
ಗೇಟು ಎತ್ತಿದ್ದೇ ತಡ
ಅಶೋಕ ರಸ್ತೆಯ ಹಳಿ ದಾಟಲು ನುಗ್ಗುವ ಆಟೋದ ಹಾಗೆ.
ಮತ್ತೆ ಓದಿದೆ. ಬಿಳಿ ಬಂದಲ್ಲಿ ಸುಮ್ಮನಾದೆ.
ಎಷ್ಟು ಹೊತ್ತು ಅಂತ ತಿಳಿಯದೆ ಸ್ವಲ್ಪ ಹೆಚ್ಚೇ ಆಯಿತು,
ಉಪ್ಪು ಅನ್ನುವಷ್ಟರಲ್ಲಿ ಗಂಟೆ.

ಫಲಿತಾಂಶ ಬಂದ ವಾರ ಮಾರ್ಕೆಟ್ಟಿನ ಬಳಿ ಸಿಕ್ಕಳು,
ಸ್ಕೂಟಿಯ ಹಿಂದೆ ಅವಳಿಗಿಂತ ಎತ್ತರದ ಚೀಲ.
ಕನ್ನಡಕ್ಕೆ ಎಪ್ಪತ್ತೊಂದಂತೆ.
ಆ ಕವಿತೆಗೆ ಏನು ಬರೆದೆ?
"ಗೈಡಿಂದು ಮಿಸ್. ಒಂಟಿತನ, ತಳಮಳ."
ಬುರ್ಖಾದ ತೋಳಿನಿಂದ ಬೆವರೊರೆಸಿಕೊಂಡು ನಕ್ಕಳು.
"ಖಾಲಿ ಬಿಟ್ಟು ಬಂದಿದ್ರೆ ಮಾರ್ಕ್ಸ್ ಕೊಡ್ತಿದ್ರಾ?"

ನಾನು


ಚೀಲದ ಬಾಯಿ ಸಡಿಲಿಸಿ ಒಂದು ಹಿಡಿ
ನನ್ನ ಅಂಗೈಗೆ ಸುರಿದಳು.
ಹಗುರ. ಇನ್ನೂ ಬೆಚ್ಚಗೆ. ಉಪ್ಪುಪ್ಪು.