ಹನ್ನೊಂದನೇ ಟೇಕು

ಬನಹಟ್ಟಿ ಬಸ್‌ಸ್ಟ್ಯಾಂಡಿನ ಹಿಂದ, ಮೊಬೈಲ್ ಅಂಗಡಿ ಮ್ಯಾಲ
ಒಂದ ಖೋಲಿ, ಒಂದ ಕಿಡಕಿ,
ಕೆಳಗ ಹಗಲೂ ರಾತ್ರಿ ಮಗ್ಗದ ಖಟಲ್ ಖಟಲ್.
ನನ್ನ ಕೆಲಸ ಕತ್ತರಿಸೂದು.
ಅವ್ವ ಹರದ ನೂಲಿಗೆ ಗಂಟ ಹಾಕಾಕಿ,
ನಾ ಚಿತ್ರ ಹರದು ಗಂಟ ಹಾಕಾಕಿ.
ಗಂಟು ಕಾಣಬಾರದು. ಅದಕ್ಕ ರೊಕ್ಕ.

ಈ ವಾರದ ಹಾಡಿನ ಕತಿ ನಿಮಗ ಗೊತ್ತಿದ್ದದ್ದ:
ಟ್ರ್ಯಾಕ್ಟರ್ ಹೊಡಿಯೂ ಹುಡುಗ, ಬಂಗಾರದಂಥಾ ಎದಿ.
ಹುಡುಗಿ ಒಂದನೇ ನುಡಿಗೆ ನಗತಾಳ,
ಎರಡನೇದಕ್ಕ ನೌಕರಿಯಂವನ ಕಾರ ಹತ್ತತಾಳ,
ಮೂರನೇದಕ್ಕ ಇಂವ ಕುಡದು ಕಬ್ಬಿನ ಬದುವಿನ್ಯಾಗ ಬೀಳತಾನ.
ಕಡೀಕ ಆಕಿ ಅಳತಾಳ. ಅಳಾಕ ಬೇಕು.
ಆಕಿ ಅಳೂ ತನಕ ಹಾಡ ಮುಗಿಯೂದಿಲ್ಲ.
ನಾಕ ನಿಮಿಷ ಇಪ್ಪತ್ತ ಸೆಕೆಂಡಿನ್ಯಾಗ ಆಕಿಗೆ ಒಂದ ಮಾತಿಲ್ಲ.
ಆ ನೌಕರಿಯಂವನ್ನ ಹುಡುಕಿದವರು ಯಾರು,
ಕಾರಿನ ಬಾಗಲಾ ತಗದವರು ಯಾರು,
ಹಾಡ ಬರದಾಂವ ಕೇಳಿಲ್ಲ.

ನಡುವ ಒಂದ ಕಪಾಳಕ್ಕ ಏಟು.
ಜನ ಸೀಟಿ ಹೊಡಿಯೂದು ಅಲ್ಲೇ ಅಂತ ಡೈರೆಕ್ಟರ್ ಪರಸು.
ಏಟು ಮೂರ ಸಲ ಬರಬೇಕು,
ಎರಡ ಕಡಿಂದ ಜೋರು, ಒಮ್ಮಿ ಸಾವಕಾಶ.

ಹನ್ನೊಂದ ಟೇಕ ಅದಾವ ನನ್ನ ಕಡೆ.
ದಸ್ತಗೀರ, ತೇರದಾಳದ ಬೇಕರ್ಯಾಗ ಬನ್ ಬೇಯಿಸಾಂವ,
ಅಂಟಿಸಿದ ಮೀಸಿ, ಎರವಲು ಬುಲೆಟ್.
ದಾನವ್ವ, ರಬಕವ್ಯಾಗ ಸೀರಿಗೆ ಕುಚ್ಚ ಕಟ್ಟಾಕಿ,
ದಿನಕ್ಕ ಹದಿನೈದನೂರು, ಮ್ಯಾಲ ಊಟ.
ಅಂವನ ಕೈ ಏಳತೈತಿ, ಅರ್ಧಕ್ಕ ನಿಂದರತೈತಿ.
‘ಅಣ್ಣಾ, ಆಗವಲ್ದು.’
‘ಹೊಡಿಯೋ ಮಾರಾಯಾ, ಐದರ ಬಸ್ಸ ತಪ್ಪತೈತಿ ನಂದು.’
ಐದನೇದಕ್ಕ ಏಟು ಗಾಳಿಗೆ ಬಿತ್ತು.
ಆರನೇದಕ್ಕ ಅಂವಗ ನಗಿ ಬಂತು.
ಎಂಟನೇದಕ್ಕ ಆಕಿ ತಾನ ಅಂವನ ಕೈ ಹಿಡದು
ತನ್ನ ಗಲ್ಲದ ಮ್ಯಾಲ ಇಟಗೊಂಡಳು:
‘ಇಲ್ಲೆ ನೋಡು, ಕಿವಿ ಕೆಳಗ. ಬಳ್ಳು ಬಿಚ್ಚಬೇಕು. ಹಿಂಗ.’
‘ನಿನಗ ಹೆಂಗ ಗೊತ್ತ ಇಷ್ಟು?’
ಆಕಿ ಸೆರಗ ಸರಿ ಮಾಡಕೊಂಡಳು.
‘ಕ್ಯಾಮರಾ ಚಾಲೂ ಮಾಡ್ರಿ’ ಅಂದಳು.

ಹನ್ನೊಂದನೇದು ಖರೇನ ಬಿತ್ತು.
ಎಲ್ಲಾರೂ ಚಪ್ಪಾಳಿ. ಕ್ಯಾಮರಾ ಬಂದ್ ಮಾಡೂದ ಮರತಾರ.
ದಸ್ತಗೀರ ಬದುವಿನ ಮ್ಯಾಲ ಕುಂತು ಬಿಕ್ಕಳಿಸತಾನ,
ಮೀಸಿ ಒಂದ ಕಡಿ ಜೋತ ಬಿದ್ದೈತಿ.
ದಾನವ್ವ ಕೆಂಪಗಾದ ಗಲ್ಲ ಹೊತಗೊಂಡ
ಬಾಟಲಿ ನೀರು ಅಂವನ ಕೈಗೆ ಹಾಕತಾಳ,
ಹೊಡದ ಕೈಗೆ,
ಉರಿ ಅಲ್ಲೇ ಐತೇನೋ ಅನ್ನೂ ಹಂಗ.
ಆಮ್ಯಾಲ ಮೀಸಿ ಒತ್ತಿ ಕೂಡಸತಾಳ.

‘ಅದನ್ನ ಅಳಸು’ ಅಂದ ಪರಸು.
‘ಗಂಡಸ ಅಳೂದಿದ್ರ ಕುಡದ ಮ್ಯಾಲ ಅಳಬೇಕು.’
ಅಳಿಸಿದೆ. ಕತ್ತರಿಸಿದೆ. ಗಂಟ ಹಾಕಿದೆ.

ಏಟಿಗೆ ಸಪ್ಪಳ ಹಾಕೂದು ನನ್ನ ಪಾಲಿಂದು.
ಹ್ವಾದ ಹಾಡಿಗೆ ಕೆಳಗಿನ ಮಗ್ಗದ ಬಡತಾ ಹಿಡದು ಹಾಕಿದ್ದೆ,
ಪರಸು ಬೆನ್ನ ಚಪ್ಪರಿಸಿದ್ದ.
ಈ ಸಲ ಹಾಕಲಿಲ್ಲ.
ಮೂರ ಸಲ ಕೈ ಬೀಸತೈತಿ,
ಮೂರ ಸಲ ಆಕಿ ಮಾರಿ ತಿರಗತೈತಿ,
ಸುಮ್ಮ.
ಪರಸು ಫೋನಿನ್ಯಾಗ ನೋಡಿದ, ಗದ್ದಲದಾಗ.
‘ಓಕೆ, ಬಿಡು’ ಅಂದ.

ರಾತ್ರಿ ರೊಟ್ಟಿ ಬಡಿಯೂ ಮುಂದ ಅವ್ವಗ ತೋರಿಸಿದೆ.
ಬಲಗಿವಿಗೆ ಫೋನ ಹಿಡಕೊಂಡ ನೋಡಿದಳು.
ಕುಣಿತಕ್ಕ ಏನೂ ಅನ್ನಲಿಲ್ಲ, ಕಾರಿಗೆ ಏನೂ ಅನ್ನಲಿಲ್ಲ.
ಆ ಜಾಗಾಕ್ಕ ಬಂದಾಗ ಹಿಟ್ಟಿನ ಕೈಲೇ ತಡದಳು:
‘ಹೊಡದದ್ದು ಕೇಳಸಲಿಲ್ಲ. ನನ್ನ ಕಿವೀದೇನು?’
‘ಇಲ್ಲವ್ವಾ, ನಾನ ಹಾಕಿಲ್ಲ.’
‘ಹೂಂ’ ಅಂದು ಎಡಗಿವಿ ಒಮ್ಮಿ ಮುಟಗೊಂಡಳು,
ಅಲ್ಲೆ ಹಿಟ್ಟ ಹತ್ತಿತು.

ಆ ಕಿವಿ ನಾ ಹುಟ್ಟೂಕಿಂತ ಮೊದಲ ಹೋಗೇತಿ.
ಮಗ್ಗದ ಸಪ್ಪಳಕ್ಕ ಅಂತ ನಮಗ ಹೇಳ್ಯಾಳ.
ಮಗ್ಗ ಎರಡೂ ಕಡಿ ಬಡೀತೈತಿ.