ಯಾವಾಗ ಸುಮ್ಮನಾಗುತ್ತೆ

ಸಾರ್ಪಾಂಗನ ಡಾಟ್ಸನ್ ಬಂದದ್ದು ಹರ್ಮಟಾನ್ ಗಾಳಿ ಧೂಳೆಬ್ಬಿಸಿದ ಬೆಳಗ್ಗೆ.
ನಾಲ್ಕು ಮೂಲೆಗೆ ಟ್ಯಾಕ್ಸಿಯ ಹಳದಿ, ಉಳಿದ ಮೈ ಯಾವ ಬಣ್ಣವೆಂದು
ಅದಕ್ಕೇ ಮರೆತಿತ್ತು.
ಕುಮಾಸಿಯ ಈ ಗ್ಯಾರೇಜು ಪೇಟೆಯಲ್ಲಿ ಅಂಗಡಿಗೊಂದು ಸದ್ದು:
ಇಲ್ಲಿ ತಗಡು ಬಡಿಯುವವರು, ಅಲ್ಲಿ ಸ್ಪ್ರಿಂಗು ಕಾಸುವವರು,
ಅದರಾಚೆ ಒಂದು ಸಾಲು ಬರೀ ಹಾರನ್ ರಿಪೇರಿ.
ಇಷ್ಟರೊಳಗಿಂದ ಒಂದು ಬಡಿತ ಹೆಕ್ಕಬೇಕು,
ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

"ಎಂಥಾ ಸದ್ದು?" ಕೇಳಿದೆ. ನಾನು ಕೆಲಸಕ್ಕೆ ಸೇರಿ ಏಳು ತಿಂಗಳು.
ಸಾರ್ಪಾಂಗ ಬಾಯಲ್ಲೇ ಮಾಡಿ ತೋರಿಸಿದ: ಟೊಕ್, ಟೊಕ್, ಟೊಕ್‌ಟೊಕ್.
ಎಲ್ಲರೂ ಹೀಗೇ, ತುಸು ನಾಚಿಕೊಂಡು,
ಡಾಕ್ಟರ ಮುಂದೆ ಕೆಮ್ಮಿ ತೋರಿಸುವವರು.
ವೋಫಾ ಜುಮೊ (ಊರಿಗೆಲ್ಲ ಅವನು ಸೋದರಮಾವ)
ಸ್ಟೂಲಿನಿಂದ ಏಳದೆ ಕೇಳಿದ:
"ಅದಿರಲಿ. ಯಾವಾಗ ಸುಮ್ಮನಾಗುತ್ತೆ?"

ಸಾರ್ಪಾಂಗ ಯೋಚಿಸಿದ.
ಬೆಳಗ್ಗೆ ತಣ್ಣಗಿರುವಾಗ ಇಲ್ಲ.
ಕೆಜೆಟಿಯಾ ಮಾರ್ಕೆಟ್ಟು ಮುಟ್ಟುವ ಹೊತ್ತಿಗೆ ಶುರು.
ಏರಿನಲ್ಲಿ ಜೋರು, ಕಾಲು ಎತ್ತಿದರೆ ಬೇರೆ ಥರ.

"ತಣ್ಣಗೆ ಬಡಿದು ಬಿಸಿಗೆ ನಿಂತರೆ ಪಿಸ್ಟನ್ನಿಗೆ ಮುಪ್ಪು.
ಅದರ ಜೊತೆ ಬಾಳಬಹುದು," ವೋಫಾ ನನ್ನ ಕಡೆ ತಿರುಗಿದ.
"ಬಿಸಿಯಾದಷ್ಟೂ ಬಡಿದರೆ..."
ಮುಗಿಸಲಿಲ್ಲ. ಕೈಯೊರಸುವ ಬಟ್ಟೆ ಹುಡುಕಿದ.

ಕೀ ತಿರುಗಿಸಿದೆ. ಎಂಜಿನ್ನಿಗಿಂತ ಮೊದಲು ರೇಡಿಯೋ ಕಿರುಚಿತು,
ಕಿವಿ ಹರಿಯುವಷ್ಟು. ಸಾರ್ಪಾಂಗ ಧಾವಿಸಿ ಆರಿಸಿದ.
ಯಾರೂ ಏನೂ ಅನ್ನಲಿಲ್ಲ.

ಮೂವತ್ತನಾಲ್ಕು ವರ್ಷದಲ್ಲಿ ಈ ಪೇಟೆ ವೋಫಾನ ಎರಡೂ ಕಿವಿ ತಿಂದಿದೆ.
ಅವನು ಕೇಳುವುದು ಹಲ್ಲಿನಿಂದ:
ಮೊಳದುದ್ದದ ಸ್ಕ್ರೂಡ್ರೈವರ್ ಕಚ್ಚಿ
ಇನ್ನೊಂದು ತುದಿ ಎಣ್ಣೆತೊಟ್ಟಿಯ ಹೊಟ್ಟೆಗಿಟ್ಟು
ಕಣ್ಣು ಮುಚ್ಚಿ ಮಲಗಿದ.
ನಾನು ಪ್ಲಗ್ಗಿನ ತಂತಿ ಕೀಳುತ್ತ ಹೋಗಬೇಕು, ಒಂದೊಂದೇ.
ಒಂದು. ಎಂಜಿನ್ ಕುಂಟಿತು, ಬಡಿತ ಅಲ್ಲೇ.
ಎರಡು. ಮೊಣಕೈವರೆಗೆ ಶಾಕು. ಬಡಿತ ಅಲ್ಲೇ.
ಮೂರು.
ಬಾಗಿಲು ತಟ್ಟುತ್ತಿದ್ದವನ ಮುಷ್ಟಿಗೆ
ಯಾರೋ ಟವೆಲು ಸುತ್ತಿದ ಹಾಗೆ.

ಕಾರಿನಡಿಯಿಂದ ಮೂರು ಬೆರಳು ಹೊರಬಂದವು.

"ಮನೇಲಿ ಫುಫು ಕುಟ್ಟುವಾಗ ಹಿಟ್ಟು ತಿರುವೋದು ಯಾರು?"
ನಾನೇ. ಅಮ್ಮ ನಿಂತು ಕುಟ್ಟುತ್ತಾಳೆ.
"ಒನಕೆಗೂ ನಿನ್ನ ಬೆರಳಿಗೂ ನಡುವೆ ಎಷ್ಟು ಜಾಗ?"
ಅಳೆದಿಲ್ಲ. ಒನಕೆ ಏಳುತ್ತೆ, ಒರಳೊಳಗೆ ಕೈ ಹೋಗುತ್ತೆ,
ಮರಗೆಣಸೂ ಬಾಳೆಕಾಯಿಯೂ ಒಂದಾಗಿ ಮಗುಚುತ್ತವೆ, ಕೈ ಬರುತ್ತೆ.
ಅಳೆಯಲು ಹೋಗಿದ್ದರೆ ಬೆರಳು ಉಳಿಯುತ್ತಿರಲಿಲ್ಲ.
"ಇಲ್ಲೂ ಅಂಥದೇ ಜಾಗ. ಒಂದು ಕೂದಲಷ್ಟು, ಎಣ್ಣೆಗೆ.
ಎರಡು ಕೂದಲಾದರೆ ಸದ್ದು."
ಮೂರಾದರೆ ಏನೆಂದು ನಾನು ಕೇಳಲಿಲ್ಲ.
ಹೊಟ್ಟೆ ಒಡೆದ ಎಂಜಿನ್ನೊಂದು ಗೋಡೆ ಪಕ್ಕದಲ್ಲಿದೆ,
ಕೋಳಿ ಅದರಲ್ಲಿ ಮೊಟ್ಟೆಯಿಡುತ್ತೆ.

ಎಣ್ಣೆ ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದೆ.
ಮಿಣ ಮಿಣ, ಸಣ್ಣ ಚೂರು.
ಈ ಸೀಮೆಯಲ್ಲಿ ಕೆಸರು ಹೊಳೆದರೆ ಜನ ಕುಣಿಯುತ್ತಾರೆ.
ಸಾರ್ಪಾಂಗ ಮುಖ ಆಚೆ ಮಾಡಿದ.

"ಎಷ್ಟು ದಿನದಿಂದ?"
ನಿನ್ನೆ.
ವೋಫಾ ಕಾದ. ಕಿವುಡರಿಗೆ ಕಾಯುವುದು ಗೊತ್ತು.
"ಮೂರು ವಾರ," ಅಂದ ಸಾರ್ಪಾಂಗ. "ರೇಡಿಯೋ ಹಾಕಿಕೊಳ್ತಿದ್ದೆ."

ದುಡ್ಡು ಶುಕ್ರವಾರ, ಅಲ್ಲೀವರೆಗೆ ಮೆಲ್ಲಗೆ ಓಡಿಸ್ತೀನಿ, ಅಂದ.
ವೋಫಾ ಕೀಯನ್ನು ತನ್ನ ಅಂಗಿಜೇಬಿಗೆ ಹಾಕಿಕೊಂಡು
ಗುಂಡಿ ಹಾಕಿದ. ಅಷ್ಟೇ ಬಿಲ್ಲು ಇವತ್ತಿಗೆ.
ಸಾರ್ಪಾಂಗ ಸೀಟಿನ ದಿಂಬೊಂದನ್ನು ಕಂಕುಳಲ್ಲಿ ಇರುಕಿಕೊಂಡು
ನಡೆದೇ ಹೋದ.

ಸಂಜೆ ನಮ್ಮ ಗಲ್ಲಿಯ ತುಂಬ ಒನಕೆಗಳು.
ದಿನಾ ಕೇಳುವುದೇ, ಇವತ್ತು ಒಂದೊಂದು ಮನೆಯಾಗಿ ಕೇಳಿದೆ:
ಇದು ಹೊಸ ಒರಳು, ಇದು ಮುದುಕಿಯ ಕೈ,
ಇಲ್ಲಿ ಇಬ್ಬರಿಗೂ ಮಾತಿಲ್ಲ.
ಐದನೇ ಅಂಗಳದಲ್ಲಿ ಬಡಿತ ಥಟ್ಟನೆ ನಿಂತಿತು.
ನಿಂತೆ ನಾನೂ, ಬೆರಳು ಮಡಿಚಿಕೊಂಡು.
ಒಳಗೆ ಯಾರೋ ನೀರು ಕೇಳಿದರು.
ಮತ್ತೆ ಶುರುವಾಯಿತು.