ಕಾಣಿಕಿ ಎಣಿಸೋ ಹೊತ್ತು

ಆರಾಧನಿ ಮುಗದು ಮಂದಿ ಬಾಗಲದಾಗ ಚಪ್ಪಲಿ ಹುಡುಕುವಾಗ
ನಾವಿಬ್ಬರೂ ಹಿಂದಿನ ಖೋಲಿಗೆ ಹೋಗ್ತೀವಿ,
ನಾನು, ದೇವಪುತ್ರಪ್ಪ, ನಡುವ ಒಂದು ಮೇಜು.
ಮಖಮಲ್ಲಿನ ಕೆಂಪು ಚೀಲ ಬೋರಲು ಹಾಕಿದರ
ಗುಳೇದಗುಡ್ಡದ ಇಡೀ ಸಭಿ
ಮೇಜಿನ ಮ್ಯಾಲೆ ಸುರೀತೈತಿ.

ಮಾರಿ ನೋಡಬೇಕಾಗಿಲ್ಲ, ನೋಟು ನೋಡಿದರ ಸಾಕು.
ನಾಕು ಮಡಿಕಿ ಮಾಡಿದ್ದು ಅಂಗಡಿ ಯೋಹಾನಪ್ಪಂದು:
ಎಷ್ಟಂತ ಮಗ್ಗಲದವರಿಗೆ ಕಾಣಬಾರದು.
ಇಸ್ತ್ರಿ ಹೊಡದಂಗ ನೂರರದು ಮಾಸ್ತರಂದು:
ಎಷ್ಟಂತ ಕಾಣಲೇಬೇಕು.
ಉದ್ದ ಪ್ರಾರ್ಥನಿ ಮಾಡಾವ ಮುಷ್ಟಿ ಕಟ್ಟೇ ಕೈ ಒಳಗ ಬಿಡ್ತಾನ,
ಹೊರಗ ತಗದಾಗೂ ಮುಷ್ಟಿ ಹಂಗೇ ಇರತೈತಿ.
ರೂತವ್ವಂದು ಐದರ ನಾಣ್ಯ, ಖಣದ ಚೂರಿನ್ಯಾಗ ಕಟ್ಟಿದ್ದು.
ಆ ಗಂಟು ಬಿಚ್ಚೂದು ದೇವಪುತ್ರಪ್ಪನ ಕೆಲಸ,
ನನ್ನ ಉಗುರಿಗೆ ಅದು ಬಗ್ಗೂದಿಲ್ಲ.

ಹನ್ನೊಂದು ವರ್ಷ ಆತು ನಾವು ಮಾತಾಡಿ.
ಹಿರಿಯರ ಚುನಾವಣಿ, ಮೂರು ಓಟು.
ಆಮ್ಯಾಲೆ ಅವನ ಮಗಳ ಮದಿವ್ಯಾಗ ನಾನು ಉಣಲಾರದ ಎದ್ದು ಬಂದದ್ದು,
ನಮ್ಮವ್ವನ ಮಣ್ಣಿಗೆ ಅವ ಸ್ಮಶಾನದ ಗೇಟಿನ ತನಕ ಬಂದು
ಬಿಸಲಾಗ ಅಲ್ಲೇ ನಿಂತದ್ದು.
ಈಗ ಅಂಕಿ ಅಷ್ಟ ಮಾತು.
"ನಲವತ್ತು," ಅಂತಾನ.
"ನಲವತ್ತು," ಬರಕೋತೀನಿ.
ಕಡೀಕ ಇಬ್ಬರದೂ ಸಹಿ, ಒಂದರ ಕೆಳಗೊಂದು,
ರೇಶನ್ ಕಾರ್ಡಿನ್ಯಾಗ ಗಂಡ ಹೆಂಡಿರು ಇದ್ದಂಗ.

ಹೊಸಾ ಅಯ್ಯನೋರು, ಇನ್ನಾ ಮೀಸಿ ಬಲತಿಲ್ಲ,
ಹೋದ ಐತವಾರ ಏಳೆಪ್ಪತ್ತು ಸಾರಿ ಕ್ಷಮಿಸೋ ವಚನ ತಗದರು.
ನಾನು ಲೆಕ್ಕದ ಮನಷ್ಯಾ.
ಅಲ್ಲೇ ಬೆಂಚಿನ್ಯಾಗ ಗುಣಿಸಿದೆ: ನಾಕನೂರಾ ತೊಂಬತ್ತು.
ಹನ್ನೊಂದು ವರ್ಷದ ಐತವಾರ, ಐದನೂರಾ ಎಪ್ಪತ್ತೆರಡು.
ಕೊಟ್ಟ ವಾಯಿದೆ ತೀರಿ ಒಂದೂವರಿ ವರ್ಷ ದಾಟೇತಿ,
ಖರ್ಚಿನ ಬಾಜೂಕ ಒಂದೂ ಬರದಿಲ್ಲ.

ಅವತ್ತ ಚೀಲದಾಗ ಬಿತ್ತು ಒಂದು ಹರಕ ಇಪ್ಪತ್ತರ ನೋಟು.
ಬುಧವಾರ ಕಿರಾಣಿಯವ ಒಲ್ಲೆ ಅಂದದ್ದು,
ಗುರುವಾರ ಟಂಟಂದವ ತಿರುಗಿಸಿ ಕೊಟ್ಟದ್ದು,
ಯಾರೂ ಒಲ್ಲದ್ದನ್ನ ದೇವರು ಒಲ್ಲೆ ಅನ್ನೂದಿಲ್ಲಂತ
ತುಂಡು ಎರಡೂ ಜೋಡಿಸಿ, ಕಣ್ಣು ಮುಚ್ಚಿ
ಭಕ್ತೀಲೆ ಬಿಟ್ಟದ್ದು.
ನಂದು.

ಮಂದಿ ನೋಟಿನ್ಯಾಗ ಮಂದೀನ ಓದಾಂವ
ಪೆನ್ನಿನ ಟೊಪಗಿ ತಿರುವಿಕೋತ ಕುಂತೆ.

ದೇವಪುತ್ರಪ್ಪ ತುಂಡು ಬೆಳಕಿಂಡಿಗೆ ಹಿಡದ.
ನನ್ನ ಕಡೆ ನೋಡಿದನೋ ಇಲ್ಲೋ, ನಾ ನೋಡಲಿಲ್ಲ.
ಐವತ್ತು ವರ್ಷ ಮಗ್ಗದಾಗ ಕುಂತ ಕೈ ಅದು,
ಎಳಿ ಹರದದ್ದು ಕಂಡರ
ಯಾರ ಎಳಿ ಅಂತ ಕೇಳೂದಿಲ್ಲ.
ಸಂಡೇ ಸ್ಕೂಲಿನ ಗೋಂದಿನ ಬಾಟ್ಲಿ ತಗದ,
ಹಳೇ ಹಾಜರಿ ಪುಸ್ತಕದ ಅಂಚು ಹರದ,
ನಾಲಿಗಿ ತುದಿ ಹಲ್ಲಿನ್ಯಾಗ ಹಿಡಕೊಂಡು
ಗಾಂಧಿ ಕನ್ನಡಕದ ಎರಡೂ ಕಾಚು ಒಂದಕ್ಕೊಂದು ಕೂಡಿಸಿದ.
ಮ್ಯಾಲೆ ದಪ್ಪ ಗೀತಪುಸ್ತಕ ಇಟ್ಟು ಅಂಗೈಲೆ ಒತ್ತಿದ.

"ನಡೀತೈತಿ," ಅಂದ.

ಅದು ಅಂಕಿ ಅಲ್ಲ.
ಯಾವ ಸಾಲಿನ್ಯಾಗ ಬರಕೋಬೇಕು ತಿಳೀದ
ಪೆನ್ನು ಹಿಡಕೊಂಡು ಹಂಗೇ ಇದ್ದೆ.
ಹೊರಗಿಂದ ಹುಡುಗ ಕೂಗಿದ,
"ಕೀಲಿ ಹಾಕ್ಲೇನ್ರೀ?"

"ತಡಿಯೋ," ಅಂದೆ, "ಇನ್ನಾ ಒಣಗಿಲ್ಲ."